ಮೊದಲ ಸಲ ಕನ್ಸೋಲ್ ಮಾಡ್ ಮಾಡೋರು ವೀ ತಗೊಳ್ಳಿ, ಸೋಲ್ಡರಿಂಗ್ ಐರನ್ ಆಮೇಲೆ

ಹಳೇ ಗೇಮ್ ಕನ್ಸೋಲ್ ಮಾಡ್ ಮಾಡ್ಬೇಕು, ಅಂದ್ರೆ ಕಂಪನಿ ಬಿಡದ ಸಾಫ್ಟ್‌ವೇರೂ ಓಡೋ ಹಾಗೆ ಬದಲಿಸ್ಬೇಕು ಅನ್ನಿಸಿದ ತಕ್ಷಣ ಸೋಲ್ಡರಿಂಗ್ ಐರನ್ ಹುಡುಕೋಕೆ ಹೊರಡೋರೇ ಜಾಸ್ತಿ. ಮೊದಲ ಕನ್ಸೋಲ್‌ಗೆ ಅದು ಬೇಡ. ನಿಂಟೆಂಡೊ ವೀ ತಗೊಳ್ಳಿ. 2006ರಲ್ಲಿ ಬಂದ ಈ ಯಂತ್ರದಲ್ಲಿ ಒಂದು ಸ್ಕ್ರೂ ಕೂಡ ಬಿಚ್ಚದೆ, ಬರೀ ಒಂದು ಎಸ್‌ಡಿ ಕಾರ್ಡ್‌ನಲ್ಲಿ ಕೆಲಸ ಮುಗಿಯುತ್ತೆ. ಮೊದಲ ತಲೆಮಾರಿನ ಎಕ್ಸ್‌ಬಾಕ್ಸ್ ಹಾಗಲ್ಲ. ಅದರ ಬಹುಪಾಲು ಆವೃತ್ತಿಗಳಲ್ಲಿ ಗಡಿಯಾರದ ಕೆಪ್ಯಾಸಿಟರ್ ಸೋರಿ ಬೋರ್ಡನ್ನೇ ತಿಂದುಹಾಕುತ್ತೆ, ತಂದ ದಿನವೇ ಬಿಚ್ಚಿ ಅದನ್ನ ಕಿತ್ತು ಹಾಕ್ಬೇಕು. ಕಲಿಯೋ ಕೈಗೆ ಅದು ತಕ್ಕ ಶುರುವಾತಲ್ಲ. ವೀಯ ಒಳಗಿನ ಸಂಗ್ರಹ ಬರೀ 512 ಎಂಬಿ. ಅದನ್ನ ಪೂರ್ತಿ ನಕಲು ಮಾಡಿಟ್ಟುಕೊಂಡ್ರೆ ಕೈ ತಪ್ಪಿದ್ರೂ ಹಿಂದಕ್ಕೆ ಬರೋ ದಾರಿ ಇರುತ್ತೆ.

ಕೊಳ್ಳುವಾಗ ಯಂತ್ರದ ಕೆಳಗಿನ ಸ್ಟಿಕ್ಕರ್ ನೋಡಿ. ಆರ್‌ವಿಎಲ್-001 ಅಂತಿದ್ರೆ ಗೇಮ್‌ಕ್ಯೂಬ್ (ನಿಂಟೆಂಡೊದ ಹಿಂದಿನ ಕನ್ಸೋಲ್) ಕಂಟ್ರೋಲರ್‌ಗೆ ನಾಲ್ಕು ಪೋರ್ಟ್, ಮೆಮೊರಿ ಕಾರ್ಡ್‌ಗೆ ಎರಡು ಸ್ಲಾಟ್ ಇರುತ್ತೆ. ಆರ್‌ವಿಎಲ್-101ರಲ್ಲಿ ಅವೆರಡೂ ಇಲ್ಲ. ಮಾಡ್ ಆಗುತ್ತೆ, ಆದ್ರೆ ಆಯ್ಕೆ ಇದ್ದಾಗ 001 ಬಿಡಬೇಡಿ. ವೀ ಮಿನಿಗೆ ಎಸ್‌ಡಿ ಸ್ಲಾಟೇ ಇಲ್ಲ, ಅದರ ದಾರಿ ಬೇರೆ. ರಿಮೋಟ್‌ನ ಬ್ಯಾಟರಿ ಮುಚ್ಚಳ ತೆಗೆದು ಸ್ಪ್ರಿಂಗ್‌ಗೆ ಹಸಿರು ಕಿಲುಬು ಹತ್ತಿದೆಯಾ ನೋಡಿ. ಪವರ್ ಅಡಾಪ್ಟರ್ 12 ವೋಲ್ಟ್, 3.7 ಆಂಪ್ ಇರ್ಬೇಕು. ಸೆನ್ಸರ್ ಬಾರ್ ಕಳೆದುಹೋಗಿದ್ರೆ ಚೌಕಾಸಿ ಮಾಡೋಕೆ ಒಳ್ಳೇ ನೆಪ. ಅದರಲ್ಲಿ ಸೆನ್ಸರ್ ಅನ್ನೋದೇನೂ ಇಲ್ಲ, ಎರಡು ತುದಿಯಲ್ಲಿ ಇನ್‌ಫ್ರಾರೆಡ್ ದೀಪ ಅಷ್ಟೇ. ಟಿವಿ ಮುಂದೆ ಎರಡು ಮೇಣದಬತ್ತಿ ಹಚ್ಚಿಟ್ರೂ ರಿಮೋಟ್ ಗುರಿ ಹಿಡಿಯುತ್ತೆ.

ಎಸ್‌ಡಿ ಕಾರ್ಡ್ 32 ಜಿಬಿ ಮೀರಬಾರದು, ಫಾರ್ಮ್ಯಾಟ್ ಫ್ಯಾಟ್32. ಸೆಟ್ಟಿಂಗ್ಸ್ ತೆರೆದಾಗ ಮೇಲೆ ಮೂಲೆಯಲ್ಲಿ 4.3 ಅಂತ ಕಾಣ್ಬೇಕು. ಪಕ್ಕದಲ್ಲಿರೋ ಅಕ್ಷರ ಪ್ರದೇಶದ್ದು, ಅದನ್ನ ಬರೆದಿಟ್ಕೊಳ್ಳಿ. ಮಾಡ್ ಶುರು ಮಾಡೋ ಫೈಲ್ ಕೊಡೋ ಲೆಟರ್‌ಬಾಂಬ್ ಜಾಲತಾಣಕ್ಕೆ ಬೇಕಾಗಿರೋದು ಆ ಅಕ್ಷರ ಮತ್ತು ಯಂತ್ರದ ಮ್ಯಾಕ್ ವಿಳಾಸ, ಎರಡೇ. ಮ್ಯಾಕ್ ವಿಳಾಸ ಇಂಟರ್ನೆಟ್ ಸೆಟ್ಟಿಂಗ್‌ನ ಕನ್ಸೋಲ್ ಮಾಹಿತಿಯಲ್ಲಿ ಸಿಗುತ್ತೆ. ಡೌನ್‌ಲೋಡ್ ಮಾಡುವಾಗ ಹ್ಯಾಕ್‌ಮೀ ಇನ್‌ಸ್ಟಾಲರ್ (ಮುಂದಿನ ಸಾಧನಗಳನ್ನ ಹಾಕೋ ಪ್ರೋಗ್ರಾಂ) ಸೇರಿಸೋ ಟಿಕ್ ತೆಗೀಬೇಡಿ. ಜಿಪ್ ಬಿಚ್ಚಿ ಒಳಗಿರೋದನ್ನೆಲ್ಲ ಕಾರ್ಡ್‌ನ ಮೇಲ್ಮಟ್ಟದಲ್ಲೇ ಹಾಕಿ, ಇನ್ನೊಂದು ಫೋಲ್ಡರ್ ಒಳಗಲ್ಲ. ಕಾರ್ಡನ್ನ ವೀಗೆ ಹಾಕಿ ಮೆಸೇಜ್ ಬೋರ್ಡ್ ತೆರೆದ್ರೆ ಬಾಂಬ್ ಚಿತ್ರದ ಕೆಂಪು ಲಕೋಟೆ ಇರುತ್ತೆ.

ಲಕೋಟೆ ಕಾಣ್ಲಿಲ್ಲ ಅಂತ ಗೋಳಾಡೋರೇ ಹೆಚ್ಚು. ಬಹಳಷ್ಟು ಸಲ ತಪ್ಪು ತಾರೀಖಿನದು. ಪತ್ರ ಇವತ್ತಿನ ಇಲ್ಲಾ ನಿನ್ನೆಯ ದಿನಾಂಕದಡಿ ಕೂತಿರುತ್ತೆ. ಒಳಗಿನ ಸಿಆರ್2032 ಸೆಲ್ ಸತ್ತಿದ್ರೆ ವೀ ಯಾವುದೋ ಹಳೇ ವರ್ಷದಲ್ಲಿ ನಿಂತಿರುತ್ತೆ. ಸೆಲ್ ಬದಲಿಸಿ, ದಿನಾಂಕ ಸರಿ ಮಾಡಿ, ಆಮೇಲೆ ಹೊಸದಾಗಿ ಫೈಲ್ ಇಳಿಸ್ಕೊಳ್ಳಿ. ಲಕೋಟೆ ಒತ್ತಿದ್ಮೇಲೆ, ಇದಕ್ಕೆ ದುಡ್ಡು ಕೊಟ್ಟಿದ್ರೆ ಮೋಸ ಹೋಗಿದ್ದೀರಿ ಅನ್ನೋ ಎಚ್ಚರಿಕೆ ಬರುತ್ತೆ. ಅರ್ಧ ನಿಮಿಷ ಅದು ಅಲ್ಲಾಡಲ್ಲ, ಕೆಟ್ಟುಹೋಯ್ತು ಅಂತ ಪ್ಲಗ್ ಕೀಳಬೇಡಿ. ಕಾದು 1 ಒತ್ತಿ.

ಇನ್‌ಸ್ಟಾಲರ್‌ನಲ್ಲಿ ಹೋಮ್‌ಬ್ರೂ ಚಾನೆಲ್ (ಹೊರಗಿನ ಪ್ರೋಗ್ರಾಂ ಓಡಿಸೋ ಮೆನು), ಬೂಟ್‌ಮೀ (ಬ್ಯಾಕಪ್ ತೆಗೆದು ಹಿಂದಕ್ಕೆ ಹಾಕೋ ಸಾಧನ) ಎರಡನ್ನೂ ಹಾಕಿ. ಬೂಟ್‌ಮೀಯನ್ನ ಬೂಟ್2 (ಆನ್ ಮಾಡಿದಾಗ ಮೆನುಗಿಂತ ಮೊದಲೇ ಓಡೋ ಭಾಗ) ಆಗಿ ಹಾಕ್ಬಹುದು ಅಂತ ತೋರಿಸಿದ್ರೆ ಅದನ್ನೇ ಆರಿಸಿ. ಹಳೇ ಯಂತ್ರಗಳಲ್ಲಿ ಮಾತ್ರ ಸಿಗೋ ಈ ಭಾಗ್ಯ ಇದ್ರೆ, ಮೆನು ಪೂರ್ತಿ ಹಾಳಾದ್ರೂ ಯಂತ್ರ ಎದ್ದು ಕೂರುತ್ತೆ. ಮಿಕ್ಕವರಿಗೆ ಐಒಎಸ್ (ವೀಯ ಒಳಗಿನ ಸಿಸ್ಟಂ ಸಾಫ್ಟ್‌ವೇರ್) ರೂಪವೇ ಗತಿ. ಅದಕ್ಕೆ ಜೊತೆಯಾಗಿ, ಮೆನುಗಿಂತ ಮೊದಲು ತೆರೆಯೋ ಪ್ರೀಲೋಡರ್ ಅನ್ನೋ ಪ್ರೋಗ್ರಾಂ ಹಾಕ್ಲೇಬೇಕು. ರೀಸೆಟ್ ಒತ್ತಿ ಹಿಡಿದು ಆನ್ ಮಾಡಿದ್ರೆ ಅದು ತೆರೆಯುತ್ತೆ, ಅಲ್ಲಿಂದ ಹೋಮ್‌ಬ್ರೂಗೆ ಹೋಗ್ಬಹುದು.

ಇನ್ನು ಏನನ್ನೂ ಮುಟ್ಟೋ ಮೊದಲು ಬೂಟ್‌ಮೀಯಿಂದ ನ್ಯಾಂಡ್ (ಒಳಗಿನ ಸಂಗ್ರಹ) ಬ್ಯಾಕಪ್. ಇಲ್ಲಿ ರಿಮೋಟ್ ಕೆಲಸ ಮಾಡಲ್ಲ. ಪವರ್ ಬಟನ್‌ನಿಂದ ಸರಿಸಿ, ರೀಸೆಟ್‌ನಿಂದ ಆರಿಸ್ಬೇಕು. ಕೆಲವು ಬ್ಯಾಡ್ ಬ್ಲಾಕ್ (ಕೆಟ್ಟ ಜಾಗ) ಕಂಡ್ರೆ ಹೆದರಬೇಡಿ, ಕಾರ್ಖಾನೆಯಿಂದಲೇ ಹಾಗೆ ಬಂದಿರುತ್ತೆ. ನಕಲಾದ್ಮೇಲಿನ ಪರಿಶೀಲನೆ ನಿಧಾನ, ಆದ್ರೂ ದಾಟಿಸಬೇಡಿ. ಕೊನೆಗೆ ಸಿಗೋ ನ್ಯಾಂಡ್.ಬಿನ್, ಕೀಸ್.ಬಿನ್ ಎರಡನ್ನೂ ಕಂಪ್ಯೂಟರ್‌ಗೆ ಸೇರಿಸಿ, ಇನ್ನೊಂದು ಕಡೆಗೂ ಒಂದು ಪ್ರತಿ ಇಡಿ. ಪ್ರತಿ ವೀಗೂ ಅದರದ್ದೇ ಕೀಲಿ ಇರೋದ್ರಿಂದ ಬೇರೆಯವರ ಬ್ಯಾಕಪ್ ನಿಮ್ಮ ಯಂತ್ರಕ್ಕೆ ಕೂರಲ್ಲ. "ಆಮೇಲೆ ತೆಗೆದ್ರಾಯ್ತು" ಅನ್ನೋರು ಸಾಮಾನ್ಯವಾಗಿ ಕೆಟ್ಟ ಮೇಲೇ ಬ್ಯಾಕಪ್ ಬಗ್ಗೆ ಕೇಳೋದು.

ವೀ ಬ್ರಿಕ್ ಆಗೋದು, ಅಂದ್ರೆ ಏಳದ ಹಾಗೆ ಕೆಟ್ಟುಹೋಗೋದು, ಗ್ರಹಚಾರದಿಂದಲ್ಲ. ಬೇರೆ ಪ್ರದೇಶದ ಸಿಸ್ಟಂ ಮೆನು ಹಾಕೋದು, ಜಾಗ ಮಾಡೋಕೆ ಅಂತ ಐಒಎಸ್ ಅಳಿಸೋದು, ಆವೃತ್ತಿ ಹೊಂದದ ಥೀಮ್ ಹಾಕೋದು, ಕಂಡಕಂಡ ಕಡೆಯ ಚಾನೆಲ್ ತುಂಬೋದು. ಈ ನಾಲ್ಕನ್ನೂ ಬಿಟ್ರೆ ವೀ ಕೆಡಿಸೋದೇ ಕಷ್ಟ. ಹಳೇ ವಿಡಿಯೋ ನೋಡ್ಕೊಂಡು ಹತ್ತಾರು ಫೈಲ್ ಹಾಕೋ ಅಗತ್ಯವೂ ಇಲ್ಲ. ಯುಎಸ್‌ಬಿಯಿಂದ ಆಡೋಕೆ ಡಿ2ಎಕ್ಸ್ ಸಿಐಒಎಸ್ (ಬದಲಾಯಿಸಿದ ಐಒಎಸ್) ಎರಡು ಸ್ಲಾಟ್‌ನಲ್ಲಿ ಸಾಕು: 249ಕ್ಕೆ ಬೇಸ್ (ಆಧಾರವಾಗೋ ಐಒಎಸ್) 56, 250ಕ್ಕೆ ಬೇಸ್ 57.

ಹಾರ್ಡ್ ಡಿಸ್ಕ್ ಎಂಬಿಆರ್ ಪಾರ್ಟಿಶನ್, ಫ್ಯಾಟ್32, ಕ್ಲಸ್ಟರ್ 32 ಕೆಬಿ ಇರಲಿ. ಹಿಂದಿನ ಎರಡು ಯುಎಸ್‌ಬಿ ಪೋರ್ಟ್‌ಗಳಲ್ಲಿ ಅಂಚಿಗೆ ಹತ್ತಿರದ್ದಕ್ಕೆ ಚುಚ್ಚಿ. ಪೆನ್‌ಡ್ರೈವ್‌ಗಳು ಕೈಕೊಡೋದು ಜಾಸ್ತಿ. ನಿಮ್ಮ ಆಟದ ಡಿಸ್ಕ್‌ಗಳನ್ನ ಕ್ಲೀನ್‌ರಿಪ್ ಪ್ರೋಗ್ರಾಂನಿಂದ ಅದೇ ವೀಯಲ್ಲಿ ನಕಲು ಮಾಡ್ಬಹುದು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟಲ್ಲ, ವೀ ಡಿಸ್ಕ್ ಸ್ವಲ್ಪ ದಾಟುತ್ತೆ, ಹಾಗಾಗಿ ನಕಲು ತುಂಡುತುಂಡಾಗಿ ಬರೋದು ಸಹಜ. ಗೇಮ್‌ಕ್ಯೂಬ್ ಆಟಗಳಿಗೆ ನಿಂಟೆಂಡಾಂಟ್ ಅನ್ನೋ ಪ್ರೋಗ್ರಾಂ ಬೇರೆ ಇದೆ, 101 ಇರೋರಿಗೂ ಅದು ನಡೆಯುತ್ತೆ.

ಚಿತ್ರ ಮಸುಕು ಅನ್ನಿಸಿದ್ರೆ ಮಾಡ್‌ನ ದೂರಬೇಡಿ. ಜೊತೆಗೆ ಬಂದ ಮೂರು ಬಣ್ಣದ ಕೇಬಲ್ ಗೆರೆ ಬಿಟ್ಟು ಗೆರೆ ತೋರಿಸೋ 480ಐ (ಪಾಲ್ ಯಂತ್ರಗಳಲ್ಲಿ 576ಐ) ದಾಟಲ್ಲ. ಕಾಂಪೊನೆಂಟ್ ಕೇಬಲ್ ಹಾಕಿ ಸೆಟ್ಟಿಂಗನ್ನ, ಎಲ್ಲ ಗೆರೆ ಒಟ್ಟಿಗೆ ತೋರಿಸೋ 480ಪಿಗೆ ಬದಲಿಸಿ. ಎಚ್‌ಡಿಎಂಐ ಡಾಂಗಲ್ ಸಿಕ್ಕಿಸಿದ್ರೂ 480ಪಿ ಮೇಲೆ ಒಂದು ಗೆರೆಯೂ ಹೆಚ್ಚು ಬರಲ್ಲ.