ಪರ-ವಿರೋಧ: ಫ್ಯುಯೆಲ್ ಸೆಲ್‌ಗೆ ಪ್ಲಾಟಿನಂ ಬದಲು ಕಬ್ಬಿಣ ಸಾಕೇ?

ಪರ
(ಉಡುಪಿಯ ಪಿಯು ಕಾಲೇಜೊಂದರ ರಸಾಯನಶಾಸ್ತ್ರ ಉಪನ್ಯಾಸಕಿ)

ನಾನು ಓದಿದ ಕಾಲೇಜಿನ ಲ್ಯಾಬ್‌ನಲ್ಲಿ ಒಂದೇ ಒಂದು ಪ್ಲಾಟಿನಂ ತಂತಿ ಇತ್ತು. ಬೆರಳುದ್ದವೂ ಇಲ್ಲ, ಗಾಜಿನ ಕಡ್ಡಿಯ ತುದಿಗೆ ಸಿಕ್ಕಿಸಿದ್ದು. ಉಪ್ಪುಗಳನ್ನು ಬೆಂಕಿಗೆ ಹಿಡಿದು ಬಣ್ಣ ನೋಡುವ ಜ್ವಾಲಾ ಪರೀಕ್ಷೆಯ ದಿನ ಮಾತ್ರ ಅದು ಬೀರುವಿನಿಂದ ಹೊರಗೆ ಬರುತ್ತಿತ್ತು. ಮೇಷ್ಟ್ರೇ ಹಿಡಿದು ತೋರಿಸುತ್ತಿದ್ದರು. ಅರವತ್ತು ಮಂದಿ ಹಿಂದಿನಿಂದ ಇಣುಕುತ್ತಿದ್ದೆವು. ನನ್ನ ಕೈಗೆ ಅದು ಒಮ್ಮೆಯೂ ಬರಲಿಲ್ಲ.

ನಾನು ಪಾಠ ಮಾಡಲು ಸೇರುವಾಗ ಅದರ ಬದಲು ಅಗ್ಗದ ನಿಕ್ರೋಮ್ ತಂತಿ ಬಂದಿತ್ತು. ಈಗ ನನ್ನ ಒಬ್ಬೊಬ್ಬ ವಿದ್ಯಾರ್ಥಿಯ ಕೈಯಲ್ಲೂ ಒಂದೊಂದು. ತಾಮ್ರದ ಹಸಿರು, ಸ್ಟ್ರಾನ್ಷಿಯಂನ ಕೆಂಪು ಅವರೇ ನೋಡುತ್ತಾರೆ. ಹೈಡ್ರೋಜನ್‌ನಿಂದ ಕರೆಂಟ್ ಮಾಡುವ ಫ್ಯುಯೆಲ್ ಸೆಲ್ ಕೂಡ ಹೀಗೆ ಎಲ್ಲರ ಕೈಗೆ ಬರಬೇಕು ಎಂಬುದೇ ನನ್ನ ಆಸೆ.

ಫ್ಯುಯೆಲ್ ಸೆಲ್‌ನ ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿಯ ಆಕ್ಸಿಜನ್. ಎರಡೂ ಸೇರಿ ನೀರಾಗುವಾಗ ಕರೆಂಟ್ ಸಿಗುತ್ತದೆ. ಹೈಡ್ರೋಜನ್ ಬೇಗ ಬಗ್ಗುತ್ತದೆ. ಹಠ ಮಾಡುವುದು ಆಕ್ಸಿಜನ್. ಅದನ್ನು ಒಲಿಸುವ ಕ್ಯಾಟಲಿಸ್ಟ್ ಆಗಿ, ಅಂದರೆ ತಾನು ಮುಗಿಯದೆ ಕ್ರಿಯೆಯನ್ನು ಬೇಗ ಮಾಡಿಸುವ ವಸ್ತುವಾಗಿ, ಪ್ಲಾಟಿನಂನ ದೊಡ್ಡ ಪಾಲು ಬೇಕಾಗುತ್ತದೆ.

ಆ ಪ್ಲಾಟಿನಂ ಬರುವುದು ಎಲ್ಲಿಂದ? ಗಣಿಯಿಂದ ಸಿಗುವುದರಲ್ಲಿ ಮೂರನೇ ಎರಡು ಪಾಲಿಗಿಂತ ಜಾಸ್ತಿ ದಕ್ಷಿಣ ಆಫ್ರಿಕಾದ್ದು. 2008ರ ಜನವರಿಯಲ್ಲಿ ಅಲ್ಲಿ ಕರೆಂಟ್ ಸಾಲದೆ ಗಣಿಗಳು ನಿಂತವು. ಮಾರ್ಚ್ ಹೊತ್ತಿಗೆ ಬೆಲೆ ಔನ್ಸಿಗೆ, ಅಂದರೆ 31 ಗ್ರಾಂಗೆ, 2,200 ಡಾಲರ್ ದಾಟಿತ್ತು. ಎಲ್ಲೋ ದೂರದಲ್ಲಿ ಕರೆಂಟ್ ಹೋದರೆ ಇಲ್ಲಿ ನಮ್ಮ ಕೆಲಸ ನಿಲ್ಲಬೇಕಾ?

ಕಬ್ಬಿಣದಿಂದ ಇದು ಆಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಮೈಯೊಳಗೇ ಇದೆ. ನೀವು ಎಳೆದ ಉಸಿರಿನ ಆಕ್ಸಿಜನ್ ನಿಮ್ಮ ಜೀವಕೋಶದೊಳಗೆ ನೀರಾಗುತ್ತದೆ. ಅದನ್ನು ಮಾಡಿಸುವ ಕಿಣ್ವದಲ್ಲಿರುವುದು ಕಬ್ಬಿಣ ಮತ್ತು ತಾಮ್ರ. ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ನೈಟ್ರೋಜನ್ ನಡುವೆ ಒಂದು ಕಬ್ಬಿಣ ಕೂತಿರುವ ಚಿತ್ರ ಪುಸ್ತಕದಲ್ಲಿ ನೋಡಿದ್ದೀರಿ, ಅಲ್ವಾ? ಲ್ಯಾಬ್‌ನವರು ಮಾಡುತ್ತಿರುವುದೂ ಹೆಚ್ಚು ಕಡಿಮೆ ಅದನ್ನೇ. ಕಬ್ಬಿಣದ ಉಪ್ಪು, ನೈಟ್ರೋಜನ್ ಇರುವ ವಸ್ತು, ಇಂಗಾಲ ಮೂರನ್ನೂ ಬೆರೆಸುತ್ತಾರೆ. ಗಾಳಿ ತಾಗದ ಕುಲುಮೆಯಲ್ಲಿ 900 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲಿ ಸುಡುತ್ತಾರೆ. ನಮ್ಮ ಕರಾವಳಿಯಲ್ಲಿ ತೆಂಗಿನ ಗೆರಟೆಗೆ ಬರವಿಲ್ಲ. ಅದರ ಇದ್ದಿಲೂ ಇಂಗಾಲವೇ. ಇಲ್ಲಿನ ಮಕ್ಕಳು ಅದರಿಂದಲೇ ಶುರು ಮಾಡಬಹುದು.

ಇದು ನಿನ್ನೆ ಮೊನ್ನೆಯ ಕನಸಲ್ಲ. ನೈಟ್ರೋಜನ್‌ಗಳ ನಡುವೆ ಕೋಬಾಲ್ಟ್ ಕೂತಿರುವ ಕೋಬಾಲ್ಟ್ ಥ್ಯಾಲೋಸಯನಿನ್ ಎಂಬ ವಸ್ತು ಈ ಕೆಲಸ ಮಾಡುತ್ತದೆ ಎಂದು ವಿಜ್ಞಾನಿ ಜಸಿನ್ಸ್ಕಿ ತೋರಿಸಿದ್ದು 1964ರಲ್ಲಿ. 2017ರಲ್ಲಿ ಕೆನಡಾದ ಬ್ಯಾಲಾರ್ಡ್, ಜಪಾನಿನ ನಿಶಿನ್ಬೊ ಕಂಪನಿಗಳು ಸೇರಿ ಆಕ್ಸಿಜನ್ ಬದಿಯಲ್ಲಿ ಪ್ಲಾಟಿನಂ ಇಲ್ಲದ ಸೆಲ್ ಅನ್ನು ಮಾರುಕಟ್ಟೆಗೇ ತರುವುದಾಗಿ ಹೇಳಿದವು. ಇನ್ನೊಂದು ಮಾತು. ಕಾರ್ಬನ್ ಮೊನಾಕ್ಸೈಡ್ ಒಂದಿಷ್ಟು ಸೇರಿದರೆ ಪ್ಲಾಟಿನಂಗೆ ಉಸಿರು ಕಟ್ಟುತ್ತದೆ. ಕಬ್ಬಿಣದ ಕ್ಯಾಟಲಿಸ್ಟ್‌ಗೆ ಆ ತೊಂದರೆ ಇಲ್ಲ.

ಬಾಳಿಕೆ ಬರುವುದಿಲ್ಲ ಎನ್ನುವವರು ಯಾವಾಗಲೂ ಇರುತ್ತಾರೆ. ಅವರ ಮಾತು ಕೇಳಿದ್ದರೆ ನನ್ನ ವಿದ್ಯಾರ್ಥಿಗಳು ಇವತ್ತಿಗೂ ಬೀರುವಿನ ಕೀ ಬರಲಿ ಎಂದು ಕಾಯಬೇಕಿತ್ತು. ಬಿಸಿಲು, ಗಾಳಿಯ ಕರೆಂಟ್‌ನಿಂದ ನೀರು ಒಡೆದು ತೆಗೆಯುವ ಹಸಿರು ಹೈಡ್ರೋಜನ್‌ಗೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದರಲ್ಲಿ ಒಂದು ಪಾಲು ಸುರತ್ಕಲ್, ಮಣಿಪಾಲದ ಲ್ಯಾಬ್‌ಗಳ ಕುಲುಮೆಗೆ ಬರಲಿ.

ವಿರೋಧ
(ಮಲ್ಪೆಯ ಬೋಟ್ ಎಂಜಿನ್ ಮೆಕ್ಯಾನಿಕ್)

ವಿರೋಧದ ಬದಿ ನೀವು ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಅಗ್ಗದ್ದು ಯಾವತ್ತೂ ಬೇಡ ಎಂದು ನನ್ನಿಂದ ಹೇಳಲಾಗದು. ಡೀಸೆಲ್‌ಗೆ ದುಡ್ಡು ಹೊಂದಿಸುವವರ ಕಷ್ಟ ದಿನಾ ನೋಡುತ್ತೇನೆ. ಈಗಲೇ ಬೇಡ ಎನ್ನುವಷ್ಟು ಮಾತ್ರ ನನ್ನ ವಾದ.

ಮೂರು ವರ್ಷದ ಹಿಂದೆ, ಮಳೆಗಾಲದ ರಜೆ ಮುಗಿದು ಆಗಸ್ಟ್‌ನ ಮೊದಲ ಟ್ರಿಪ್. ಒಂದು ಆಳಸಮುದ್ರ ಬೋಟ್‌ಗೆ ಎಂಜಿನ್ ತಂಪಿಡಲು ಕಡಲ ನೀರು ಎಳೆಯುವ ಪಂಪಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಚಕ್ರ, ಬದಲಿಸಬೇಕಿತ್ತು. ಒರಿಜಿನಲ್‌ನ ಕಾಲು ಬೆಲೆಗೆ ಒಂದು ಸಿಕ್ಕಿತು. ಹಾಕಿದವನು ನಾನೇ. ಆರನೇ ದಿನ ಅದರ ರಬ್ಬರ್ ರೆಕ್ಕೆ ಕಿತ್ತು ಬಂತು. ಎಂಜಿನ್ ಕಾದು ನಿಂತುಬಿಟ್ಟಿತು. ಗಾಳಿ ಜೋರಿತ್ತು. ಬೋಟ್ ನಡೆಸುವ ತಾಂಡೇಲ ವೈರ್‌ಲೆಸ್‌ನಲ್ಲಿ ಕರೆದ ಮೇಲೆ ಇನ್ನೊಂದು ಬೋಟ್ ಹೋಗಿ, ಹಗ್ಗ ಕಟ್ಟಿ, ಎರಡು ದಿನ ಎಳೆದು ತಂದಿತು. ಐಸ್ ಕರಗಿ ಹಿಡಿದ ಮೀನೆಲ್ಲ ಹಾಳು. ಬೋಟ್ ಕಟ್ಟುವ ದಕ್ಕೆಯಲ್ಲಿ ಆ ಬೋಟ್‌ನವರ ಮನೆಯವರು ರಾತ್ರಿಯಿಂದ ನಿಂತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಯಾವ ಪಾರ್ಟ್ ಬಂದರೂ ಎಷ್ಟು ಗಂಟೆ ಓಡುತ್ತದೆ ಎಂದೇ ಮೊದಲು ಕೇಳುತ್ತೇನೆ.

ಸುರತ್ಕಲ್‌ನಲ್ಲಿ ಓದಿದ ಅಕ್ಕನ ಮಗನಿಗೂ ಅದನ್ನೇ ಕೇಳಿದೆ. "ಮಾವ, ಕಬ್ಬಿಣದ್ದು ಶುರುವಿನಲ್ಲಿ ಚೆನ್ನಾಗಿ ಓಡುತ್ತದೆ, ಆಮೇಲೆ ಬೇಗ ಇಳಿಯುತ್ತದೆ" ಎಂದ. ಹಲವು ಪ್ರಯೋಗಗಳಲ್ಲಿ ಮೊದಲ 100 ಗಂಟೆಯೊಳಗೇ ಅರ್ಧದಷ್ಟು ಕಸುವು ಹೋಗಿದೆಯಂತೆ. ಸೆಲ್ ಒಳಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕಬ್ಬಿಣ ಅದಕ್ಕೆ ತಾಗಿದರೆ ಇಂಗಾಲವನ್ನೂ ಎರಡು ಬದಿಗಳ ನಡುವಿನ ಪೊರೆಯನ್ನೂ ತಿನ್ನುವ ಕಣಗಳು ಏಳುತ್ತವೆ. ಕಬ್ಬಿಣವೂ ಸೆಲ್ ಒಳಗಿನ ಆ್ಯಸಿಡ್‌ನಲ್ಲಿ ಕರಗಿ ಹೋಗುತ್ತದೆ. ಕಸುವು ಕಡಿಮೆ ಎಂದು ಕ್ಯಾಟಲಿಸ್ಟ್‌ನ ಪದರ ದಪ್ಪ ಹಾಕಬೇಕು, ಪ್ಲಾಟಿನಂನದ್ದಕ್ಕಿಂತ ಹತ್ತು ಪಟ್ಟು. ಆಗ ಒಳಗೆ ನೀರು ನಿಂತು ಗಾಳಿ ಹೋಗದು.

10 ದಿನದ ಒಂದು ಟ್ರಿಪ್ ಅಂದರೆ 240 ಗಂಟೆ. ಲಾರಿಗಳ ಫ್ಯುಯೆಲ್ ಸೆಲ್‌ಗೆ ಅಮೆರಿಕ ಇಟ್ಟುಕೊಂಡ ಗುರಿಯೇ 25,000 ಗಂಟೆ.

ಆಫ್ರಿಕಾದ ಗಣಿ ಎಂದು ಹೆದರಿಸುತ್ತಾರೆ. ನಮ್ಮ ಡೀಸೆಲ್‌ನ ಕಚ್ಚಾ ತೈಲವೂ ಹೊರಗಿನಿಂದಲೇ ಬರುತ್ತದೆ, ಬೋಟ್‌ಗಳು ಹೋಗುತ್ತಲೇ ಇವೆ. ಪ್ಲಾಟಿನಂ ಆದರೆ ಸೆಲ್ ಹಾಳಾದರೂ ಚಿನ್ನದ ಹಾಗೆ ಮತ್ತೆ ಕರಗಿಸಿ ತೆಗೆಯಬಹುದು. ಕರಗಿ ಹೋದ ಕಬ್ಬಿಣಕ್ಕೆ ಏನು ಸಿಗುತ್ತದೆ?

ಲ್ಯಾಬ್‌ನವರು ಜೂನ್-ಜುಲೈಯಲ್ಲಿ ಮಲ್ಪೆಗೆ ಬರಲಿ. ಆ 61 ದಿನ ಬೋಟ್‌ಗಳು ದಡದಲ್ಲೇ ಇರುತ್ತವೆ. ಉಪ್ಪುಗಾಳಿಯಲ್ಲಿ ದಕ್ಕೆಯ ಒಂದು ಲೈಟನ್ನು ಆ ಸೆಲ್‌ನಿಂದ ಉರಿಸಿ ನೋಡಲಿ. ಜಾಗ ನಾನು ಕೊಡುತ್ತೇನೆ, ರಾತ್ರಿ ಕಾಯಲೂ ಕೂರುತ್ತೇನೆ.