ಇದಿರು ವೇಷ ಬೇಕಾಗಿದೆ

ಅಂತೂ ಸಿಕ್ಕಿದರು. ಕರ್ನಾಟಕದ ಬಿಜೆಪಿಗೆ ಮೊದಲು ರಾಜ್ಯಾಧ್ಯಕ್ಷರು ಸಿಕ್ಕಿದರು, ವಾರ ಕಳೆದು ವಿರೋಧ ಪಕ್ಷದ ನಾಯಕರೂ ಸಿಕ್ಕಿದರು. 2023ರ ಮೇ 13ಕ್ಕೆ ವಿಧಾನಸಭೆಯ ಫಲಿತಾಂಶ ಬಂದು ಪಕ್ಷ 66 ಸ್ಥಾನಕ್ಕೆ ಇಳಿದಿತ್ತು. ನವೆಂಬರ್ 10ಕ್ಕೆ ಅಧ್ಯಕ್ಷರಾಗಿ ವಿಜಯೇಂದ್ರ, 17ಕ್ಕೆ ವಿರೋಧ ಪಕ್ಷದ ನಾಯಕರಾಗಿ ಆರ್. ಅಶೋಕ್. ನಡುವೆ ಆರು ತಿಂಗಳು.

ನಾನಂತೂ ಮೆಚ್ಚಿದೆ. ಸೋತ ಪಕ್ಷ ಅವಸರ ಮಾಡಲೇಬಾರದು. ಮೊದಲು ಸೋಲಿಗೆ ಕಾರಣ ಹುಡುಕಬೇಕು. ಹುಡುಕಿದ ಕಾರಣ ದಿಲ್ಲಿಗೆ ಹಿಡಿಸಬೇಕು. ಹಿಡಿಸದಿದ್ದರೆ ಬೇರೆ ಕಾರಣ ಹುಡುಕಬೇಕು. ಇದಕ್ಕೆಲ್ಲ ಟೈಮ್ ಬೇಡ್ವಾ? ಹಾಗೆ ರಾಜ್ಯವಿಡೀ ಜಾಲಾಡಿ, ಜಾತಿ ಲೆಕ್ಕ, ಪ್ರಾಂತ್ಯದ ಲೆಕ್ಕ ಎಲ್ಲ ಕೂಡಿಸಿ ಕಳೆದು ನೋಡಿದಾಗ ಉತ್ತರ ಸಿಕ್ಕಿದ್ದು ಶಿಕಾರಿಪುರದಲ್ಲಿ, ಯಡಿಯೂರಪ್ಪನವರ ಮನೆಯಲ್ಲೇ, ಅವರ ಮಗನೇ. ಕುಟುಂಬ ರಾಜಕಾರಣದ ವಿರುದ್ಧ ಭಾಷಣ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡವರು ಮೇ 14ಕ್ಕೇ ಆ ಮನೆಗೆ ಹೋಗಿದ್ದರೆ ಪೆಟ್ರೋಲಾದರೂ ಉಳೀತಿತ್ತು.

ಅಶೋಕ್ ಅವರ ಆಯ್ಕೆ ಇನ್ನೂ ಸೊಗಸು. ಅವರು ಎರಡು ಕಡೆ ನಿಂತಿದ್ದರು. ಪದ್ಮನಾಭನಗರದಲ್ಲಿ ಗೆದ್ದರು, ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ ಎದುರು ಠೇವಣಿ ಕಳೆದುಕೊಂಡರು. 2018ರಲ್ಲಿ ಚಾಮುಂಡೇಶ್ವರಿಯಲ್ಲಿ ಸೋತು ಬಾದಾಮಿಯಲ್ಲಿ ಗೆದ್ದ ಸಿದ್ದರಾಮಯ್ಯ ಮರುವರ್ಷ ವಿರೋಧ ಪಕ್ಷದ ನಾಯಕರಾದರು, 2023ರಲ್ಲಿ ಮುಖ್ಯಮಂತ್ರಿಯಾದರು. ಅಶೋಕ್ ಈ ಲೆಕ್ಕ ಹಾಕಿರಲಿಕ್ಕೂ ಸಾಕು. ಅದೇ ಪಕ್ಷದ ವಿ. ಸೋಮಣ್ಣನವರೂ ಎರಡು ಕಡೆ ನಿಂತಿದ್ದರು, ಆದರೆ ಎರಡೂ ಕಡೆ ಸೋತು ಲೆಕ್ಕ ಕೆಡಿಸಿಕೊಂಡರು.

ಬೆಂಗಳೂರಿನ ಈ ವ್ಯವಹಾರದಲ್ಲಿ ಮಂಗಳೂರಿನವನಿಗೆ ಎಂತ ಕೆಲಸ ಅಂತ ಕೇಳಬೇಡಿ. ಆ 66ರಲ್ಲಿ 11 ನಾವು ಕೊಟ್ಟದ್ದು. ದಕ್ಷಿಣ ಕನ್ನಡದ 8ರಲ್ಲಿ 6, ಉಡುಪಿಯ 5ಕ್ಕೆ 5. ಸೋಲಿಸಿದ, ಕ್ಷಮಿಸಿ, ಸೋಲುವಾಗ ಇದ್ದ ಅಧ್ಯಕ್ಷರೂ ಆಗಿನ ನಮ್ಮ ಸಂಸದರೇ, ನಳಿನ್ ಕುಮಾರ್ ಕಟೀಲ್. 2022ರ ಜುಲೈಯಲ್ಲಿ ಬಿಜೆಪಿ ಯುವ ಮೋರ್ಚಾದ ಪ್ರವೀಣ್ ನೆಟ್ಟಾರು ಕೊಲೆಯಾದ ಮರುದಿನ ಬೆಳ್ಳಾರೆಯಲ್ಲಿ ಕಾರ್ಯಕರ್ತರೇ ನಳಿನ್ ಕುಮಾರ್ ಕಟೀಲರ ಕಾರು ಹಿಡಿದು ಅಲ್ಲಾಡಿಸಿದ್ದು ನೆನಪಿರಬಹುದು. ಮರುತಿಂಗಳು ಅವರ ಮೂರು ವರ್ಷದ ಅವಧಿಯೂ ಮುಗಿಯಿತು. ಆದರೆ ಮುಂದಿನ ವರ್ಷದ ನವೆಂಬರ್ ತನಕ ಅವರೇ ಇದ್ದರು. ಕಾರು ಅಲ್ಲಾಡಿತು, ಕುರ್ಚಿ ಅಲ್ಲಾಡಲಿಲ್ಲ.

ಈ ಆರು ತಿಂಗಳಲ್ಲಿ ನಿಜವಾಗಿ ಕಷ್ಟಪಟ್ಟವರು ಯಾರು ಗೊತ್ತಾ? ಫ್ಲೆಕ್ಸ್ ಮಾಡುವವರು. ನಮ್ಮ ರಸ್ತೆಯ ಕೊನೆಗೆ ಅಂಥ ಒಂದು ಅಂಗಡಿ ಉಂಟು. ಕಂಪ್ಯೂಟರಿನಲ್ಲಿ ಒಂದು ಡಿಸೈನ್ ರೆಡಿ ಇರುತ್ತದೆ. ಮೇಲೆ ಸಾಲಾಗಿ ದಿಲ್ಲಿಯವರು, ಬದಿಯಲ್ಲಿ ದೊಡ್ಡದಾಗಿ ರಾಜ್ಯಾಧ್ಯಕ್ಷರು, ಕೆಳಗೆ ಸ್ಟಾಂಪ್ ಸೈಜಿನಲ್ಲಿ ದುಡ್ಡು ಕೊಟ್ಟವರು. ಅಷ್ಟಮಿಗೆ ಬಂದ ಗುಂಪು ಹಳೇ ಅಧ್ಯಕ್ಷರೇ ಇರಲಿ ಅಂತು. ಚೌತಿಗೆ ಬಂದ ಗುಂಪು, ಬೇಡ, ಹೊಸಬರು ಬಂದರೆ ನಮ್ಮನ್ನು ಹಳಬರ ಲೆಕ್ಕಕ್ಕೆ ಹಾಕಿಯಾರು ಅಂತು. ದಸರಾಕ್ಕೆ ಬಂದವರು ಬುದ್ಧಿವಂತರು. ಆ ಜಾಗಕ್ಕೆ ಕಮಲದ ಹೂವನ್ನೇ ದೊಡ್ಡದು ಮಾಡಿ ಹಾಕಿಸಿದರು.

"ಹೂವೇ ಒಳ್ಳೇದು ಮಾರಾಯ್ರೆ," ಅಂದರು ಅಂಗಡಿಯವರು. "ಅದಕ್ಕೆ ಬಣ ಇಲ್ಲ. ಫೋಟೋ ಹತ್ತು ವರ್ಷ ಹಳೇದು ಅಂತ ಜಗಳಕ್ಕೂ ಬರುದಿಲ್ಲ."

ಇನ್ನೊಂದು ವಿಷಯ. ಈ ಆರು ತಿಂಗಳು ಸರಿಯಾಗಿ ನಮ್ಮ ಯಕ್ಷಗಾನ ಮೇಳಗಳು ಮನೆಯಲ್ಲಿ ಕೂರುವ ಕಾಲ. ಮೇ ಕೊನೆಗೆ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ದೀಪಾವಳಿ ಕಳೆದ ಮೇಲೆ. ಪಕ್ಷದವರೂ ಪಂಚಾಂಗ ನೋಡಿಯೇ ಗೆಜ್ಜೆ ಬಿಚ್ಚಿದ್ದೋ ಏನೋ. ಆದರೆ ಮೇಳದ ಯಜಮಾನರು ಮಳೆಗಾಲದಲ್ಲಿ ಸುಮ್ನೆ ಕೂರುವುದಿಲ್ಲ. ಯಾವ ಭಾಗವತರು ಯಾವ ಮೇಳಕ್ಕೆ, ಸ್ತ್ರೀವೇಷಕ್ಕೆ ಯಾರು, ರಾಕ್ಷಸರ ಬಣ್ಣದ ವೇಷಕ್ಕೆ ಯಾರು ಎಲ್ಲ ಹೊರಡುವ ಮೊದಲೇ ಮಾತಾಗಿರುತ್ತದೆ. ಕಟೀಲು ಕ್ಷೇತ್ರ ಒಂದರಿಂದಲೇ ಆಗ ಆರು ಮೇಳ ಹೊರಡುತ್ತಿತ್ತು. ಆರು ಚೌಕಿ (ವೇಷ ಕಟ್ಟುವ ಜಾಗ), ಆರು ದೇವಿ, ಆರು ಮಹಿಷಾಸುರ. ಅದೇ ಊರಿನ ಹೆಸರಿಟ್ಟುಕೊಂಡ ಅಧ್ಯಕ್ಷರ ಪಕ್ಷಕ್ಕೆ ಒಂದೇ ಒಂದು ಇದಿರು ವೇಷ, ಅಂದರೆ ಎದುರಾಳಿಯ ಪಾತ್ರ, ಹೊಂದಿಸಲು ಆಗಲಿಲ್ಲ.

ಆಟದ ದಿನ ವೇಷಧಾರಿಗೆ ಜ್ವರ ಬಂದರೆ ಚೌಕಿಯಲ್ಲಿ ಇನ್ನೊಬ್ಬರಿಗೆ ಕಿರೀಟ ಕಟ್ಟಿ ಕಳಿಸುತ್ತಾರೆ. ಕೆಲವೊಮ್ಮೆ ಬದಲಿಗೆ ಬಂದವನೇ ಚಪ್ಪಾಳೆ ಗಿಟ್ಟಿಸುವುದೂ ಉಂಟು. ಎದುರಾಳಿಯೇ ಇಲ್ಲದೆ ದೇವೇಂದ್ರ ಒಬ್ಬನೇ ರಂಗಸ್ಥಳಕ್ಕೆ ಬಂದು, ಒಬ್ಬನೇ ಯುದ್ಧ ಮಾಡಿ, ಒಬ್ಬನೇ ಗೆದ್ದು ಹೋದ ಆಟವನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಜುಲೈಯಲ್ಲಿ ವಿಧಾನಸಭೆಯಲ್ಲಿ ನೋಡಿದೆವು. ಸಿದ್ದರಾಮಯ್ಯ ತಮ್ಮ 14ನೇ ಬಜೆಟ್ ಓದಿ ಮುಗಿಸಿದರು, ಎದುರಿಗೆ ವಿರೋಧ ಪಕ್ಷದ ನಾಯಕನೇ ಇಲ್ಲ. ಮಾಜಿ ಮುಖ್ಯಮಂತ್ರಿ ಬೊಮ್ಮಾಯಿಯವರು ಮಾತಾಡಿದರು, ಇಲ್ಲ ಅನ್ನುವುದಿಲ್ಲ. ಆದರೆ ಕಿರೀಟ ಯಾರಿಗೂ ಕಟ್ಟಿರಲಿಲ್ಲ.

ಕಟ್ಟಲು ಯತ್ನ ನಡೆದಿತ್ತು ಅನ್ನಿ. ಅಧಿವೇಶನದ ಹೊತ್ತಿಗೇ ದಿಲ್ಲಿಯಿಂದ ಮನ್‌ಸುಖ್ ಮಾಂಡವೀಯ, ವಿನೋದ್ ತಾವ್ಡೆ ವೀಕ್ಷಕರಾಗಿ ಬಂದರು. ಶಾಸಕರ ಅಭಿಪ್ರಾಯ ಕೇಳಿದರು. ವಿಮಾನ ಹತ್ತಿದರು. ಆ ಅಭಿಪ್ರಾಯಗಳು ಆಮೇಲೆ ಏನಾದವೋ ದೇವರಿಗೇ ಗೊತ್ತು. ನವೆಂಬರಿನಲ್ಲಿ ಬೇರೆಯೇ ವೀಕ್ಷಕರು ಬಂದರು, ನಿರ್ಮಲಾ ಸೀತಾರಾಮನ್ ಮತ್ತು ದುಷ್ಯಂತ್ ಕುಮಾರ್ ಗೌತಮ್. ಆಗ ಒಂದೇ ಸಂಜೆಯಲ್ಲಿ ಕೆಲಸ ಮುಗಿಯಿತು. ಒಂದು ಸಂಜೆಯ ಕೆಲಸ ಇದು.

ನಾಯಕ ಇಲ್ಲದ ಆ ಅಧಿವೇಶನದಲ್ಲಿ ನಮ್ಮವರು ಸುಮ್ಮನಿರಲಿಲ್ಲ. ಜುಲೈ 19ಕ್ಕೆ ಕಾಗದ ಹರಿದು ಉಪಸಭಾಧ್ಯಕ್ಷರ ಪೀಠದ ಕಡೆ ಎಸೆದದ್ದಕ್ಕೆ 10 ಮಂದಿ ಅಮಾನತಾದರು. ಅದರಲ್ಲಿ 5 ಮಂದಿ ಕರಾವಳಿಯವರು: ಕಾರ್ಕಳದ ಸುನಿಲ್ ಕುಮಾರ್, ಉಡುಪಿಯ ಯಶಪಾಲ್ ಸುವರ್ಣ, ಮೂಡುಬಿದಿರೆಯ ಉಮಾನಾಥ ಕೋಟ್ಯಾನ್, ಮಂಗಳೂರಿನ ವೇದವ್ಯಾಸ ಕಾಮತ್, ಭರತ್ ಶೆಟ್ಟಿ. ಹೊರಗೆ ಹಾಕಿದ ಸಭಾಧ್ಯಕ್ಷ ಯು.ಟಿ. ಖಾದರ್ ಕೂಡ ನಮ್ಮವರೇ. ನಾಯಕತ್ವದ ವಿಷಯದಲ್ಲಿ ನಮ್ಮನ್ನು ಯಾರೂ ಕೇಳುವುದಿಲ್ಲ, ಗಲಾಟೆಗೆ ಮಾತ್ರ ಎರಡೂ ಕಡೆ ನಾವೇ ಬೇಕು. ಅಂದ ಹಾಗೆ, ಆ 10ರಲ್ಲಿ ಅಶೋಕ್ ಕೂಡ ಇದ್ದರು.

ಇಷ್ಟು ಓದಿ ನಗುತ್ತಿರುವ ಕಾಂಗ್ರೆಸ್ ಮಿತ್ರರು ಸ್ವಲ್ಪ ನಿಲ್ಲಿ. 2019ರ ಜುಲೈಯಲ್ಲಿ ರಾಹುಲ್ ಗಾಂಧಿ ರಾಜೀನಾಮೆ ಪತ್ರ ಹೊರಗೆ ಬಿಟ್ಟ ಮೇಲೆ ಹೊಸ ಅಧ್ಯಕ್ಷರು ಸಿಕ್ಕಿದ್ದು 2022ರ ಅಕ್ಟೋಬರಿಗೆ. ಅಲ್ಲಿಯ ತನಕ ತಾಯಿಯೇ ಹಂಗಾಮಿ. ಚುನಾವಣೆ ಮಾಡಿದರಲ್ಲ, ಅದಕ್ಕೆ ಭೇಷ್ ಅನ್ನೋಣ. ಖರ್ಗೆಯವರಿಗೆ 7,897, ತರೂರ್‌ಗೆ 1,072. ಕುಲಗೆಟ್ಟ ಮತ 416. ಊರೂರು ಸುತ್ತಿ ಜನರಿಗೆ ಮತ ಹಾಕುವುದು ಹೇಗೆಂದು ಹೇಳಿಕೊಡುವ ಪಕ್ಷದ ಪ್ರತಿನಿಧಿಗಳಲ್ಲಿ 416 ಮಂದಿಗೆ ಅದೇ ಬರುವುದಿಲ್ಲ! ಜೆಡಿಎಸ್‌ನಲ್ಲಿ ಈ ತಾಪತ್ರಯವೇ ಇಲ್ಲ. 2023ರ ಅಕ್ಟೋಬರಿನಲ್ಲಿ ಅಧ್ಯಕ್ಷ ಇಬ್ರಾಹಿಂ ಅವರನ್ನು ತೆಗೆದರು, ಕುಮಾರಸ್ವಾಮಿಯವರನ್ನು ಕೂರಿಸಿದರು. ವೀಕ್ಷಕರು ಬೇಡ, ವಿಮಾನ ಬೇಡ. ಮನೆಯ ಜಗಲಿಯಲ್ಲೇ ಮುಗಿಯಿತು.

ಆದರೆ ಪಕ್ಷದ ಅಧ್ಯಕ್ಷರು ಯಾವಾಗ ಬೇಕಾದರೂ ಬರಲಿ, ಬಾರದೆಯೂ ಇರಲಿ, ನಮಗೆ ನಷ್ಟವಿಲ್ಲ. ವಿರೋಧ ಪಕ್ಷದ ನಾಯಕನ ಕುರ್ಚಿ ಹಾಗಲ್ಲವಲ್ಲ. ಅದು ಸಂಪುಟ ದರ್ಜೆಯ ಹುದ್ದೆ. ಅದಕ್ಕೆ ದುಡ್ಡು ಹೋಗುವುದು ನಮ್ಮ ತೆರಿಗೆಯಿಂದ. ಸೆಪ್ಟೆಂಬರಿನಲ್ಲಿ ಸರಕಾರವೇ 195 ತಾಲೂಕುಗಳಲ್ಲಿ ಬರ ಅಂತ ಘೋಷಿಸಿತು. ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರಕಾರಿ ಬಸ್ಸು ಫ್ರೀ. ನಮ್ಮಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು. ಬೆಳಿಗ್ಗೆ ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಹೆಂಗಸು ಇವತ್ತೂ ಸೀರೆಯ ಸೆರಗಿನ ಗಂಟು ಬಿಚ್ಚಿ ಕಂಡಕ್ಟರನಿಗೆ ದುಡ್ಡು ಕೊಡುತ್ತಾಳೆ. ಅವಳ ಊರಿಗೆ ಸರಕಾರಿ ಬಸ್ಸು ಯಾವಾಗ ಅಂತ ಎದ್ದು ನಿಂತು, ಉತ್ತರ ಸಿಗುವ ತನಕ ಕೂರದೆ ಕೇಳಬೇಕಾದ ಮನುಷ್ಯನ ಜಾಗ ಆರು ತಿಂಗಳು ಖಾಲಿ ಇತ್ತು. ಯಾಕೆ? ಯಾರಿಗೆ ಕೊಟ್ಟರೆ ಯಾರು ಮುನಿಸಿಕೊಳ್ಳುತ್ತಾರೆ ಅಂತ ದಿಲ್ಲಿಯಲ್ಲಿ ಲೆಕ್ಕ ಮುಗಿದಿರಲಿಲ್ಲ. ಅಷ್ಟೇ. ನಾವು ಆರಿಸಿ ಕಳಿಸಿದ 66 ಮಂದಿಗೆ ತಮ್ಮೊಳಗೆ ಒಬ್ಬನನ್ನು ಆರಿಸುವ ಅಧಿಕಾರ ಇಲ್ಲ. ಕೇಳುವ ಧೈರ್ಯವೂ ಇಲ್ಲ. ಮತ್ತೆ ಇವರು ನಮ್ಮ ಪರವಾಗಿ ಯಾರ ಹತ್ತಿರ ಏನು ಕೇಳಿಯಾರು?

ಆಮೇಲೆ ಎಲ್ಲ ಸರಿಹೋಯಿತು, ಒಮ್ಮತದ ಆಯ್ಕೆ ಅಂತ ಹೇಳಿಕೆ ಬಂತು. 2023ರ ಡಿಸೆಂಬರ್ 4ಕ್ಕೆ ಬೆಳಗಾವಿಯಲ್ಲಿ ಅಧಿವೇಶನ ಇತ್ತು. ವಿಧಾನಸಭೆಗೆ ನಾಯಕರು ಸಿಕ್ಕಿದರು. ವಿಧಾನ ಪರಿಷತ್ತಿಗೆ ಆಗ ಇನ್ನೂ ಸಿಕ್ಕಿರಲಿಲ್ಲ. ಆಕಾಂಕ್ಷಿಗಳು ಯಾರೂ ಇರಲಿಲ್ಲವಂತೆ, ಕೊಟ್ಟರೆ ಬೇಡ ಅನ್ನುವವರೂ ಯಾರೂ ಇರಲಿಲ್ಲವಂತೆ.