ಕಡ್ಡಿ ಮಾತ್ರ ಬಂತು

ಭಾನುವಾರ ಮಧ್ಯಾಹ್ನ ಮೂರು ಗಂಟೆ. ನಮ್ಮದು ಮೇಲಿನ ಮನೆ, ತಾರಸಿಯ ಕಾವೆಲ್ಲ ನೇರ ನೆತ್ತಿಗೆ. ಅಡುಗೆಮನೆಯಲ್ಲಿ ಮಗಳು, ಅವಳ ಇಬ್ಬರು ಗೆಳತಿಯರು, ಇವರು, ಮಾವ ಎಲ್ಲರೂ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದರು. ಕಲ್ಲಂಗಡಿ ಐಸ್ ಕ್ಯಾಂಡಿಯ ಕಡ್ಡಿ ಹಿಡಿದು ಮೆಲ್ಲಗೆ ಎಳೆದೆ. ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದೆ. ಟಕ್ ಅಂತ ಬಂತು.

ಕಡ್ಡಿ.

ಬರೀ ಕಡ್ಡಿ. ತೊಳೆದು ಒರೆಸಿಟ್ಟ ಹಾಗೆ ಚೊಕ್ಕಟವಾಗಿತ್ತು, ತುದಿಯಲ್ಲಿ ಮಾತ್ರ ಒಂಚೂರು ಕೆಂಪು. ಕ್ಯಾಂಡಿ ಅಚ್ಚಿನೊಳಗೆ ಹಾಗೇ ಕೂತಿತ್ತು, ಮನೆ ಖಾಲಿ ಮಾಡಲ್ಲ ಅಂತ ಹಟ ಹಿಡಿದ ಹಳೇ ಬಾಡಿಗೆದಾರನ ಹಾಗೆ. ಎರಡನೆಯದನ್ನು ಎಳೆದೆ. ಕಡ್ಡಿ. ಮೂರನೆಯದು. ಕಡ್ಡಿ. "ಆಂಟಿ, ಇದನ್ನ ಚೀಪಬೇಕಾ?" ಅಂತ ಒಬ್ಬಳು ಗೆಳತಿ ಬಹಳ ವಿನಯದಿಂದ ಕೇಳಿದಳು. ಮೂರು ದಿನ ಆಯಿತು, ಆ ವಿನಯವನ್ನು ನನಗೆ ಇನ್ನೂ ಮರೆಯಲು ಆಗಿಲ್ಲ.

ಇದೆಲ್ಲ ಶುರುವಾಗಿದ್ದು ಶಾಲೆಗೆ ರಜೆ ಬಂದ ದಿನದಿಂದ. ಬೆಂಗಳೂರಿಗೆ ಫ್ಯಾನೇ ಬೇಡ ಅಂತಿದ್ದ ಕಾಲ ಒಂದಿತ್ತಂತೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಮೇಲೆ ಆ ಮಾತನ್ನು ಯಾರೂ ಆಡುತ್ತಿಲ್ಲ. ಸಂಜೆ ಆರಕ್ಕೆ ನಮ್ಮ ಬೀದಿಗೆ ಐಸ್‌ಕ್ರೀಂ ಗಾಡಿ ಬರುತ್ತದೆ. ಗಂಟೆ ಹೊಡೆದ ತಕ್ಷಣ ಮಗಳಿಗೆ ಗಂಟಲು ಒಣಗುತ್ತದೆ. ದಿನಾ 40 ರೂಪಾಯಿ ಅದಕ್ಕೆ, ಆಮೇಲೆ ಬರುವ ಕೆಮ್ಮಿಗೆ ಬೇರೆ ಲೆಕ್ಕ. ಆಗಲೇ ಮೊಬೈಲ್‌ನಲ್ಲಿ ಆ ವಿಡಿಯೊ ಕಣ್ಣಿಗೆ ಬಿತ್ತು. ಮೂವತ್ತು ಸೆಕೆಂಡು. ಬಿಳಿ ಕುರ್ತಾ ಹಾಕಿಕೊಂಡ ಒಬ್ಬಾಕೆ ಹಣ್ಣು ಹೆಚ್ಚುತ್ತಾಳೆ, ಮಿಕ್ಸಿ ತಿರುವುತ್ತಾಳೆ, ಅಚ್ಚಿಗೆ ಸುರಿಯುತ್ತಾಳೆ, ಎಳೆಯುತ್ತಾಳೆ. ಬಂತು! ಕುರ್ತಾ ಮೇಲೆ ಒಂದು ಹನಿ ಇಲ್ಲ. ಅವಳ ಫ್ರೀಜರ್‌ನಲ್ಲಿ ಕ್ಯಾಂಡಿ ಅಚ್ಚು ಬಿಟ್ಟು ಬೇರೆ ಏನೇನೂ ಇರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮ ಫ್ರೀಜರ್ ನಿಮ್ಮನೇದರ ಹಾಗೇ ಇದೆ. ಜನವರಿಯಲ್ಲಿ ಎಲ್ಲರೂ ಸುತ್ತ ಕೂತು ಹಿತುಕಿದ ಅವರೆಬೇಳೆ ಎರಡು ಡಬ್ಬಿ. ಎರಡೂ ಐಸ್‌ಕ್ರೀಂ ಡಬ್ಬಿಗಳೇ, ಮಗಳು ಆ ಮೋಸಕ್ಕೆ ಬೀಳುವುದನ್ನು ಬಿಟ್ಟು ವರ್ಷವಾಯಿತು. ತೆಂಗಿನ ತುರಿ, ಹಸಿ ಬಟಾಣಿ, ನಾದಿನಿ ಕಳಿಸಿದ ಹುಳಿಪುಡಿ. ಹಿಂದೆ, ಐಸಿನಲ್ಲಿ ಹೂತುಹೋದ ಒಂದು ಪೊಟ್ಟಣ. ಅದರಲ್ಲಿ ಏನಿದೆ ಅಂತ ಬಿಚ್ಚಿ ನೋಡುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಇವುಗಳ ಮಧ್ಯೆ ಅಚ್ಚಿಗೆ ಸಿಕ್ಕಿದ ಜಾಗ ಎರಡು ಅವರೆಬೇಳೆ ಡಬ್ಬಿಗಳ ಮೇಲೆ, ಸ್ವಲ್ಪ ವಾಲಿಕೊಂಡು.

ಮೊದಲ ಸಲ ಮಾಡಿದ್ದು ಮಾವಿನಹಣ್ಣಿನದು. ರಸಕ್ಕೆ ರಸಪುರಿಯೇ ಸರಿ, ಆದರೆ ಅದಿನ್ನೂ ಬಂದಿರಲಿಲ್ಲ. ಬಾದಾಮಿ ಸಿಕ್ಕಿತು. ಆ ರೇಟಿಗೆ ತಂದ ಬಾದಾಮಿಯನ್ನು ಮಿಕ್ಸಿಗೆ ಹಾಕುವುದು ಪಾಪ, ಅದು ನನಗೂ ಗೊತ್ತು. ಹಾಕಿದೆ. ಪಾಪದ ಫಲ ಎರಡು ದಾರಿಯಲ್ಲಿ ಬಂತು. ಒಂದು ಅವರೆಯ ದಾರಿ. ಮುಚ್ಚಳ ಸಡಿಲವಿದ್ದ ಡಬ್ಬಿಯ ಮೇಲೆ ರಾತ್ರಿಯಿಡೀ ಕೂತ ಮಾವಿನಹಣ್ಣಿಗೆ ಅದ್ಭುತವಾದ ಸೊಗಡು ಬಂದಿತ್ತು. ಅವರೆಕಾಳಿಗೆ ಸೊಗಡಿಲ್ಲ ಅಂದರೆ ಮಾರುಕಟ್ಟೆಯಲ್ಲಿ ಜಗಳವಾಡುವವಳು ನಾನು. ಐಸ್ ಕ್ಯಾಂಡಿಯಲ್ಲಿ ಬಂದಾಗ ಯಾರ ಹತ್ತಿರ ಜಗಳ ಆಡಲಿ?

ಎರಡನೆಯ ದಾರಿ ಮಾವನದು.

ನಮ್ಮ ಮಾವ ನಿವೃತ್ತ ವಿಜ್ಞಾನದ ಮೇಷ್ಟ್ರು. ಶಾಲೆ ಬಿಟ್ಟು ಹದಿನಾಲ್ಕು ವರ್ಷವಾಯಿತು, ಪಾಠ ಬಿಟ್ಟಿಲ್ಲ. ಅವರಿಗೆ ಬಹಳ ಇಷ್ಟವಾದ ಪಾಠ ಫ್ರಿಜ್ಜಿನ ಬಾಗಿಲನ್ನು ಯಾಕೆ ಪದೇ ಪದೇ ತೆಗೆಯಬಾರದು ಅನ್ನುವುದು. ಈ ಪಾಠವನ್ನು ಅವರು ಫ್ರಿಜ್ಜಿನ ಬಾಗಿಲು ತೆಗೆದು ಹಿಡಿದುಕೊಂಡೇ ಮಾಡುತ್ತಾರೆ.

"ನೋಡಮ್ಮ ಇಲ್ಲಿ," ಅಂತ ಕರೆಯುತ್ತಾರೆ. ಬಾಗಿಲು ತೆಗೆಯುತ್ತಾರೆ. "ತಣ್ಣನೆ ಗಾಳಿ ಭಾರ. ಬಾಗಿಲು ತೆಗೆದ ತಕ್ಷಣ ನೀರು ಸುರಿದ ಹಾಗೆ ಕೆಳಗೆ ಸುರಿಯುತ್ತೆ. ಕೈ ಹಿಡಿ, ಹಿಡಿದು ನೋಡು." ನಾನು ಕೈ ಹಿಡಿಯುತ್ತೇನೆ. "ಗೊತ್ತಾಯ್ತಾ?" "ಗೊತ್ತಾಯ್ತು ಮಾವ." "ಹಾಂ. ಈಗ ಆ ಜಾಗಕ್ಕೆ ಬಿಸಿ ಗಾಳಿ ಬರುತ್ತೆ. ಅದನ್ನ ತಣ್ಣಗೆ ಮಾಡೋಕೆ ಮೋಟಾರು ಮತ್ತೆ ಓಡಬೇಕು. ಓಡಿದರೆ?" ಇಲ್ಲಿ ನಾವು "ಕರೆಂಟು" ಅನ್ನಬೇಕು. ಅನ್ನುವ ತನಕ ಬಾಗಿಲು ಹಾಕುವುದಿಲ್ಲ. ಅಷ್ಟರಲ್ಲಿ ಮೋಟಾರು ತಾನೇ ಗುರ್ ಅಂತ ಉತ್ತರ ಕೊಟ್ಟಿರುತ್ತದೆ. "ಕೇಳಿಸ್ತಾ?" ಅನ್ನುತ್ತಾರೆ, ಹೆಮ್ಮೆಯಿಂದ.

ಪಾಠಕ್ಕೆ ಮನೆಯವರೇ ಆಗಬೇಕು ಅಂತಿಲ್ಲ. ಕೆಲಸದವಳು ಕೈ ಹಿಡಿದು ನೋಡಿದ್ದಾಳೆ. ಕೆಳಗಿನ ಮನೆಯವರು ಕರಿಬೇವು ಕೇಳಲು ಬಂದು ಕೈ ಹಿಡಿದು ನೋಡಿದ್ದಾರೆ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಕೈ ಹಿಡಿದವನು ತೆಗೆಯಲೇ ಇಲ್ಲ. ಮೂರು ಮಹಡಿ ಹತ್ತಿ ಬಂದಿದ್ದ, "ಇನ್ನೊಂದ್ ಸ್ವಲ್ಪ ಹೇಳಿ ಸಾರ್" ಅಂದ. ಇಂಥ ಶಿಷ್ಯ ಸಿಕ್ಕಿ ಎಷ್ಟು ವರ್ಷವಾಗಿತ್ತೋ, ಮಾವ ಫ್ರೀಜರಿನ ಬಾಗಿಲನ್ನೂ ತೆಗೆದು ತೋರಿಸಿದರು.

ಮಾವಿನಹಣ್ಣಿನ ದಿನ ನನಗೆ ತಡೆಯಲಾಗಲಿಲ್ಲ. ಅವರು ಬಾಗಿಲು ತೆಗೆದಾಗಲೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ಗೀಟು ಹಾಕುತ್ತಾ ಬಂದೆ. ಊಟದ ಹೊತ್ತಿಗೆ ಹದಿನಾಲ್ಕು ಗೀಟು. ಸಾಕ್ಷಿ ಸಮೇತ ಮಾತಾಡೋಣ ಅಂತ ಕಾಯುತ್ತಿದ್ದೆ. ಊಟ ಮುಗಿಸಿ ಕ್ಯಾಲೆಂಡರಿನ ಮುಂದೆ ನಿಂತ ಮಾವ ಕನ್ನಡಕ ಏರಿಸಿ ಎಣಿಸಿದರು. "ಏನಮ್ಮ, ಇವತ್ತು ಹದಿನಾಲ್ಕು ಪ್ಯಾಕೆಟ್ ಹಾಲು ತಗೊಂಡ್ಯಾ?" ಅಂದವರೇ, ಅಷ್ಟು ಹಾಲು ಎಲ್ಲಿಟ್ಟಿದ್ದೇನೆ ಅಂತ ನೋಡಲು ಫ್ರಿಜ್ಜಿನ ಬಾಗಿಲು ತೆಗೆದರು. ಹದಿನೈದು.

ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ನಮ್ಮದು ಹಳೇ ಕಾಲದ ಒಂದೇ ಬಾಗಿಲಿನ ಫ್ರಿಜ್. ಒಳಗೆ ತಿರುಗಿಸುವ ಗುಬುಟು, ಅದರ ನಡುವೆ ಒಂದು ಕೆಂಪು ಬಟನ್. ಒತ್ತಿದರೆ ಕಟ್ಟಿಕೊಂಡ ಐಸೆಲ್ಲ ಕರಗುತ್ತದೆ. ಐಸಿನ ಪದರ ದಪ್ಪಗಾದರೆ ಮೋಟಾರಿಗೆ ಕೆಲಸ ಜಾಸ್ತಿ, ಅದು ನಿಜ. ಆ ನಿಜ ಮಾವನಿಗೆ ಹೊಳೆದಿದ್ದು ಅದೇ ದಿನ ಸಂಜೆ ಐದಕ್ಕೆ. ಒತ್ತಿದರು. ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಅಚ್ಚಿನಲ್ಲಿ ಮಾವಿನ ಶೀಕರಣೆ ಇತ್ತು. ಆರು ಕಡ್ಡಿಗಳು ಅದರಲ್ಲಿ ಅಡ್ಡ ಬಿದ್ದು ತೇಲುತ್ತಿದ್ದವು. ಇವರು ಅದನ್ನು ಪೂರಿಯ ಜೊತೆ ಹಾಕಿಕೊಂಡು, "ಚೆನ್ನಾಗಿದೆ ಕಣೇ, ಅವರೆಕಾಳು ಹಾಕಿದ್ಯಾ?" ಅಂದರು.

ಹಾಗಾಗಿ ಕಲ್ಲಂಗಡಿಗೆ ನಾನು ಬಿಗಿ ಬಂದೋಬಸ್ತ್ ಮಾಡಿದ್ದೆ. ಅವರೆಬೇಳೆ ಖಾಲಿ ಮಾಡಿ ಹುಳಿ ಮಾಡಿದೆ. ಕೆಂಪು ಬಟನ್ ಮೇಲೆ ಪ್ಲಾಸ್ಟರ್ ಅಂಟಿಸಿದೆ. ಮಾವನಿಗೆ ಶುಗರ್ ಇದೆ, ಪಾಪ ಅವರೂ ಒಂದು ತಿನ್ನಲಿ ಅಂತ ಸಕ್ಕರೆ ಹಾಕಲಿಲ್ಲ. ಜಿಪುಣತನ ಯಾಕೆ ಅಂತ ಅಚ್ಚಿನ ಅಂಚಿನವರೆಗೂ ತುಂಬಿಸಿದೆ. ಈ ಎರಡು ಒಳ್ಳೆಯ ಕೆಲಸಗಳೇ ನನ್ನನ್ನು ಮುಳುಗಿಸಿದ್ದು.

ಕಡ್ಡಿ ಬಂದ ಮೇಲೆ ಅಡುಗೆಮನೆಯಲ್ಲಿ ಸಭೆ ಸೇರಿತು. ಇವರು ಚಾಕು ಹಾಕು ಅಂದರು. ಮಗಳು ಅಚ್ಚನ್ನೇ ಒಡಿ ಅಂದಳು. ಮಾವ ಕೈ ಹಿಂದೆ ಕಟ್ಟಿಕೊಂಡು ಕಾರಣ ಹೇಳಿದರು. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ನೀರು ಐಸ್ ಆಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಅಂಚಿನವರೆಗೆ ತುಂಬಿಸಿದರೆ ಮೇಲಕ್ಕೆದ್ದು ಅಂಚನ್ನೇ ಕಚ್ಚಿಕೊಳ್ಳುತ್ತದೆ. ಸಕ್ಕರೆ ಇದ್ದರೆ ನೀರು ಸೊನ್ನೆ ಡಿಗ್ರಿಗೆ ಪೂರ್ತಿ ಗಟ್ಟಿಯಾಗುವುದಿಲ್ಲ, ಕ್ಯಾಂಡಿ ಮೆತ್ತಗಿರುತ್ತದೆ. ಹೆಚ್ಚು ಸಿಹಿ ಇಲ್ಲದಿದ್ದರೆ ಕಲ್ಲು.

"ಇದನ್ನ ಮೊದಲೇ ಹೇಳಬಾರದಿತ್ತಾ ಮಾವ?"

"ನೀನು ಕೇಳಲಿಲ್ಲವಲ್ಲಮ್ಮ."

ಸಿಟ್ಟಿಗೆ ಬಕೆಟ್ಟಿಗೆ ಬಿಸಿನೀರು ಬಗ್ಗಿಸಿ ಅಚ್ಚು ಮುಳುಗಿಸಿದೆ. ಉಗುರು ಬೆಚ್ಚಗಿನ ನೀರು ಸಾಕು ಅಂತ ಆಮೇಲೆ ಗೊತ್ತಾಯಿತು. ನಾನು ಹಾಕಿದ್ದು ಸ್ನಾನದ ನೀರು. ಮೇಲೆತ್ತಿ ಬೋರಲು ಹಾಕಿ ಹಿಂದೆ ಒಂದು ಏಟು ಕೊಟ್ಟೆ. ಒಂದು ಕ್ಯಾಂಡಿ ಬಂತು. ಬಂತು ಅಂದರೆ ಹಾರಿತು. ನೆಲಕ್ಕೆ ಬಿದ್ದು, ಮಾವನ ಎರಡು ಕಾಲುಗಳ ನಡುವೆ ಜಾರಿ, ನೇರವಾಗಿ ಫ್ರಿಜ್ಜಿನ ಅಡಿಗೆ ಹೋಯಿತು. ಹೊರಗಿನ ಪ್ರಪಂಚ ಅದಕ್ಕೆ ಹಿಡಿಸಲಿಲ್ಲ ಅಂತ ಕಾಣುತ್ತದೆ. ಉಳಿದಿದ್ದನ್ನು ಮಕ್ಕಳು ಅಚ್ಚಿನಿಂದಲೇ ಚಮಚದಲ್ಲಿ ಕೆರೆದು ತಿಂದರು. ವಿನಯದ ಹುಡುಗಿ ಕಡ್ಡಿಯನ್ನೂ ಚೀಪಿದಳು.

ಐಸ್ ಕ್ಯಾಂಡಿ ಹುಟ್ಟಿದ ಕತೆಯನ್ನೂ ಆ ರಾತ್ರಿ ಓದಿದೆ, ಬೈಯುವುದಕ್ಕೆ ಒಬ್ಬರಾದರೂ ಬೇಕಲ್ಲ. 1905ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಎಪರ್ಸನ್ ಅನ್ನುವ 11 ವರ್ಷದ ಹುಡುಗ ಲೋಟದಲ್ಲಿ ಸೋಡಾ ಪಾನೀಯದ ಪುಡಿ ಕಲಕಿ, ಕಲಕಿದ ಕಡ್ಡಿಯ ಸಮೇತ ಮನೆಯ ಹೊರಗೆ ಮರೆತು ಮಲಗಿದನಂತೆ. ಬೆಳಿಗ್ಗೆ ಹೆಪ್ಪುಗಟ್ಟಿತ್ತಂತೆ. ನಾನು ಹೊರಗೆ ಮರೆತರೆ ಬೆಳಿಗ್ಗೆ ಇರುವೆ ಸಾಲು ಸಿಗುತ್ತದೆ. ಇರಲಿ. ಅವನು ಇದಕ್ಕೆ ಪೇಟೆಂಟ್ ಪಡೆದಿದ್ದು 1924ರಲ್ಲಿ. ನಡುವೆ 19 ವರ್ಷ ಏನು ಮಾಡುತ್ತಿದ್ದ ಅಂತ ಬೇರೆಯವರು ಕೇಳಬಹುದು, ನಾನು ಕೇಳುವುದಿಲ್ಲ. ಲೋಟದಿಂದ ಬಿಡಿಸುತ್ತಿದ್ದ.

ನಮ್ಮ ತಿಪಟೂರಿನ ಕ್ಯಾಂಡಿಗಳು ಹೀಗೆ ಹಟ ಮಾಡುತ್ತಿರಲಿಲ್ಲ. ಸೈಕಲ್ಲಿನ ಹಿಂದೆ ನೀಲಿ ಬಣ್ಣದ ಮರದ ಪೆಟ್ಟಿಗೆ, ಹ್ಯಾಂಡಲ್ಲಿಗೆ ರಬ್ಬರ್ ಹಾರ್ನು. ಮಧ್ಯಾಹ್ನ ಎಲ್ಲರೂ ಮಲಗಿದಾಗಲೇ ಪೋಂಯ್ ಪೋಂಯ್ ಅನ್ನುತ್ತಿತ್ತು. ಕೆಂಪಿಗೆ ನಾಲ್ಕಾಣೆ, ಹಾಲಿನದಕ್ಕೆ ಎಂಟಾಣೆ. ಚರಂಡಿ ನೀರಲ್ಲಿ ಮಾಡ್ತಾರೆ ಅಂತ ಅಮ್ಮ ಹೆದರಿಸುತ್ತಿದ್ದಳು. ಚರಂಡಿ ನೀರು ಇಷ್ಟು ಚೆನ್ನಾಗಿರುತ್ತಾ ಅಂತ ನಮಗೆ ಆಶ್ಚರ್ಯ. ಕಾಸಿಲ್ಲದ ದಿನ ಅಟ್ಟ ಇತ್ತು. ಅಟ್ಟದ ತುಂಬ ಕೊಬ್ಬರಿಗೆ ಅಂತ ಒಣಗಲು ಬಿಟ್ಟ ಕಾಯಿ, ಅದರಲ್ಲಿ ಒಂದು ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ? ಅಪ್ಪನಿಗೆ ಗೊತ್ತಾಗುತ್ತಿತ್ತು. "ನಾಲಿಗೆ ತೋರಿಸು" ಅನ್ನುತ್ತಿದ್ದರು ಅಷ್ಟೆ. ಎಷ್ಟು ಉಜ್ಜಿದರೂ ಆ ಕೆಂಪು ಹೋಗುತ್ತಿರಲಿಲ್ಲ. ಬಣ್ಣ ಚೀಪಿ ಚೀಪಿ ಕೊನೆಗೆ ಕಡ್ಡಿಯಲ್ಲಿ ಬಿಳೀ ಐಸು ಉಳಿಯುತ್ತಿತ್ತಲ್ಲ, ರುಚಿಯೇ ಇಲ್ಲದ್ದು, ಅದನ್ನೂ ಬಿಡುತ್ತಿರಲಿಲ್ಲ. ಅಪ್ಪ ಹೋಗಿ ಆರು ವರ್ಷ. ಈಗ ಏನು ತಿಂದು ಬಂದರೂ ನಾಲಿಗೆ ತೋರಿಸು ಅನ್ನುವವರಿಲ್ಲ.

ಸೋಮವಾರ ಮತ್ತೆ ಮಾಡಿದೆ. ಈ ಸಲ ದ್ರಾಕ್ಷಿ, ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ. ಸಿಪ್ಪೆ ಸಮೇತ ಬೇಯಿಸಿ ಹಿಂಡಿದರೆ ಶಾಯಿಯಂಥ ರಸ. ಸಕ್ಕರೆ ಹಾಕಿದೆ, ಬೆರಳಗಲ ಜಾಗ ಬಿಟ್ಟೆ, ಒಂದೂವರೆ ಗಂಟೆ ಬಿಟ್ಟು ಅರ್ಧ ಗಟ್ಟಿಯಾದ ಮೇಲೆ ಕಡ್ಡಿ ಚುಚ್ಚಿದೆ. ಮಂಗಳವಾರ ಸಂಜೆ ಎಳೆದರೆ ಕ್ಯಾಂಡಿ ಸಮೇತ ಬಂತು. ಮಕ್ಕಳು ಕೇಕೆ ಹಾಕಿದರು. ಮೂರು ಅವರಿಗೆ, ಒಂದು ಇವರಿಗೆ, ಒಂದು ನನಗೆ. ಮಾವ ಆಸೆಯಿಂದ ನೋಡಿ, "ಸಕ್ಕರೆ ಇದೆಯಲ್ಲ, ನನಗೆ ಬೇಡಮ್ಮ," ಅಂತ ತಾವೇ ಹೇಳಿ ವಾಕಿಂಗಿಗೆ ಹೋದರು. ಆರನೆಯದು ಅಚ್ಚಿನಲ್ಲೇ ಉಳಿಯಿತು.

ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದೆ. ಅಡುಗೆಮನೆಯಲ್ಲಿ ಫ್ರಿಜ್ಜಿನ ಬೆಳಕು. ಮಾವ ಒಂದು ಕೈಯಲ್ಲಿ ಬಾಗಿಲು ಹಿಡಿದು ನಿಂತಿದ್ದರು, ಇನ್ನೊಂದು ಕೈ ಬೆನ್ನ ಹಿಂದೆ. ನಾನು ಬಾಯಿ ತೆಗೆಯುವ ಮೊದಲೇ ಪಾಠ ಶುರುವಾಯಿತು.

"ನೋಡಮ್ಮ, ಯಾರೋ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ತಣ್ಣನೆ ಗಾಳಿ ಭಾರ..."

ನಾಲಿಗೆ ಕಡು ನೇರಳೆ. ತುಟಿಯೂ.

"ಬಾಗಿಲು ಹಾಕಿ ಮಾವ, ಗಾಳಿ ಸುರೀತಿದೆ," ಅಂದೆ.

ಹಾಕಿದರು. ಕತ್ತಲಾಯಿತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತಿದ್ದೆವು. ಆಮೇಲೆ ಕತ್ತಲೊಳಗಿನಿಂದ ಮೆಲ್ಲಗೆ ಕೇಳಿದರು, "ಕಡ್ಡಿ ಎಲ್ಲಿ ಹಾಕಲಮ್ಮ?"